ಓಡದೆ ನಿಂತಿರುವ 1972ರ ಎಂಜಿಬಿ: ತಗೊಂಡು ಸರಿ ಮಾಡಲಾ, ಬಿಟ್ಟುಬಿಡಲಾ?

ನೀಲಿಬಾನೆಟ್:

ಎಲ್ಲರಿಗೂ ನಮಸ್ಕಾರ. ಸುಮಾರು ದಿನದಿಂದ ತಲೆಯಲ್ಲಿ ಇದೊಂದೇ ಓಡುತ್ತಿದೆ, ನಿಮ್ಮನ್ನು ಕೇಳಿಯೇ ಮುಂದಿನ ಹೆಜ್ಜೆ ಇಡೋಣ ಅಂತ ಬರೆಯುತ್ತಿದ್ದೇನೆ.

ಪರಿಚಯದವರ ಮೂಲಕ 1972ರ ಎಂಜಿಬಿ ರೋಡ್‌ಸ್ಟರ್ ಒಂದು ಸಿಗುವ ಹಾಗಿದೆ, ಬ್ರಿಟನ್ನಿನ ಎಂಜಿ ಕಂಪನಿಯ ಎರಡು ಸೀಟಿನ, ಬಟ್ಟೆ ಛಾವಣಿಯ ಹಳೇ ಸ್ಪೋರ್ಟ್ಸ್ ಕಾರು. ವರ್ಷಗಟ್ಟಲೆ ಶೆಡ್‌ನಲ್ಲೇ ನಿಂತ ಗಾಡಿ, ಸ್ಟಾರ್ಟ್ ಆಗುವುದಿಲ್ಲ. ಕ್ರೋಮ್ ಬಂಪರ್ ಇರುವ ಮಾಡೆಲ್, ಸ್ಪೋಕ್ ವೀಲ್, ಎರಡು ಎಸ್‌ಯು ಕಾರ್ಬುರೇಟರ್. ಮೇಲಿನ ಹುಡ್ ಬಟ್ಟೆ ಹರಿದುಹೋಗಿದೆ, ಫ್ರೇಮ್ ಮಾತ್ರ ಉಳಿದಿದೆ. ನಾಲ್ಕು ಟೈರೂ ನೆಲಕ್ಕೆ ಕೂತಿವೆ. ದೂರದಿಂದ ನೋಡಿದರೆ ಪೇಂಟ್ ಪರವಾಗಿಲ್ಲ ಅನ್ನಿಸುತ್ತದೆ, ಹತ್ತಿರ ಹೋದರೆ ಬಾಗಿಲ ಕೆಳಗಡೆ ಮತ್ತು ಮುಂದಿನ ಚಕ್ರದ ಹಿಂದೆ ಗುಳ್ಳೆ ಎದ್ದಿದೆ. ಮಾರುವವರು ಹೇಳುವುದು ಒಂದೇ ಮಾತು: "ನಿಲ್ಲಿಸಿದಾಗ ಚೆನ್ನಾಗೇ ಓಡ್ತಿತ್ತು, ಹೊಸ ಬ್ಯಾಟರಿ ಇಟ್ಟು ಪೆಟ್ರೋಲ್ ಹಾಕಿದ್ರೆ ಸಾಕು, ಸ್ಟಾರ್ಟ್ ಆಗುತ್ತೆ."

ಓಡುವ ಸ್ಥಿತಿಯಲ್ಲಿರುವ ಇಂಥದ್ದೇ ಗಾಡಿಯ ಬೆಲೆಯಲ್ಲಿ ಸುಮಾರು ಮೂರನೇ ಒಂದು ಭಾಗ ಕೇಳುತ್ತಿದ್ದಾರೆ. ಕಡಿಮೆಗೆ ಸಿಗುತ್ತದೆ ಅನ್ನುವುದು ಒಂದು ಕಾರಣ, ನಿಜ. ಆದರೆ ಈ ಕಾರಿನ ಮೇಲೆ ನನಗೆ ಮೊದಲಿನಿಂದಲೂ ಆಸೆ. ಆ ಉದ್ದ ಬಾನೆಟ್ಟು, ಗುಂಡಗಿನ ಹೆಡ್‌ಲೈಟು, ನೆಲಕ್ಕೆ ಅಂಟಿದ ಹಾಗೆ ಕೂರುವ ಸೀಟು. ಅದಕ್ಕಿಂತ ಮುಖ್ಯವಾಗಿ, ಒಂದು ಗಾಡಿಯನ್ನು ನಟ್ಟುಬೋಲ್ಟಿನ ಮಟ್ಟದಿಂದ ಅರ್ಥ ಮಾಡಿಕೊಂಡು ಕೈಯಾರೆ ಎಬ್ಬಿಸಬೇಕು ಅಂತ ಬಹಳ ದಿನದಿಂದ ಇದೆ.

ಮುಚ್ಚಿದ ಜಾಗ ಇದೆ, ಒಳ್ಳೆಯ ಸ್ಪ್ಯಾನರ್ ಸೆಟ್ ಇದೆ, ಬೈಕ್ ಇಂಜಿನ್ ಬಿಚ್ಚಿ ಜೋಡಿಸಿ ಅಭ್ಯಾಸ ಇದೆ. ವೆಲ್ಡಿಂಗ್ ಬರುವುದಿಲ್ಲ. ವಾರಕ್ಕೆ ಒಂದು ದಿನ ಇದಕ್ಕೆ ಕೊಡಬಹುದು. ನನ್ನ ದೊಡ್ಡ ಭಯ ಇಂಜಿನ್ ಬಗ್ಗೆ. ಜಾಮ್ ಆಗಿದ್ದರೆ ಗತಿ ಏನು? ನೋಡಲು ಹೋದಾಗ ಏನೇನು ಪರೀಕ್ಷೆ ಮಾಡಬೇಕು? ತಗೊಳ್ಳುವುದು ಬುದ್ಧಿವಂತಿಕೆಯಾ?

ತುಕ್ಕುವೈರಿ:

ಇಂಜಿನ್ ಚಿಂತೆ ಸದ್ಯಕ್ಕೆ ಪಕ್ಕಕ್ಕಿಡಿ ಸರ್. ಮೊದಲು ಸಿಲ್ ನೋಡಿ.

ಎಂಜಿಬಿಗೆ ಬೇರೆ ಚಾಸಿಸ್ ಅಂತ ಇಲ್ಲ. ಬಾಡಿಯೇ ಚಾಸಿಸ್. ರೋಡ್‌ಸ್ಟರ್ ಆದರೆ ಮೇಲೆ ಛಾವಣಿಯೂ ಇಲ್ಲ, ಮುಚ್ಚಳ ಕಿತ್ತ ರಟ್ಟಿನ ಪೆಟ್ಟಿಗೆ ಹೇಗೆ ಮಧ್ಯದಲ್ಲಿ ಬಾಗುತ್ತದೋ ಹಾಗೆ ಬಾಗಲು ನೋಡುತ್ತದೆ. ಬಾಗದ ಹಾಗೆ ಹಿಡಿದಿಡುವುದು ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಸಿಲ್. ಅದು ಒಂದೇ ತಗಡಲ್ಲ. ಹೊರಗೊಂದು, ಒಳಗೊಂದು, ನಡುವೆ ಗಟ್ಟಿಗಾಗಿ ಇನ್ನೊಂದು, ಕೆಳಗೆ ಕ್ಯಾಸಲ್ ರೈಲ್ ಅಂತ ಒಂದು ಪಟ್ಟಿ. ನಿಮಗೆ ಕಾಣುವುದು ಹೊರಗಿನದು ಮಾತ್ರ. ತುಕ್ಕು ಶುರುವಾಗುವುದು ಒಳಗಿನಿಂದ. ಹೊರಗೆ ಗುಳ್ಳೆ ಕಾಣಿಸುವ ಹೊತ್ತಿಗೆ ನಡುವಿನ ತಗಡು ಬಹುತೇಕ ಹೋಗಿರುತ್ತದೆ. ನೀವು ಹೇಳಿದ ಎರಡು ಜಾಗ, ಬಾಗಿಲ ಕೆಳಗೆ ಮತ್ತು ಮುಂದಿನ ಚಕ್ರದ ಹಿಂದೆ, ಕೇಳಿದ ಕೂಡಲೇ ನನಗೆ ಸಿಲ್ ಮೇಲೆಯೇ ಅನುಮಾನ ಬಂತು. ಮುಂದಿನ ಚಕ್ರ ಎರಚುವ ಕೆಸರು ಫೆಂಡರ್ ಒಳಗೆ ಹೋಗಿ ಅಲ್ಲೇ ಕೂರುತ್ತದೆ. ತೇವ ಆರುವುದಿಲ್ಲ.

ಹೋಗುವಾಗ ಒಂದು ಸಣ್ಣ ಮ್ಯಾಗ್ನೆಟ್ ತಗೊಂಡು ಹೋಗಿ, ಪೇಂಟಿಗೆ ಗೀರು ಬೀಳದ ಹಾಗೆ ತೆಳು ಬಟ್ಟೆ ಸುತ್ತಿಕೊಳ್ಳಿ. ಸಿಲ್ ಉದ್ದಕ್ಕೂ, ಫೆಂಡರ್‌ನ ಕೆಳ ತುದಿಯಲ್ಲಿ, ಬಾಗಿಲಿನ ಕೆಳ ಅಂಚಿನಲ್ಲಿ, ಹಿಂದಿನ ಚಕ್ರದ ಕಮಾನಿನ ಸುತ್ತ ಮೆಲ್ಲಗೆ ಓಡಿಸಿ. ಎಲ್ಲಿ ಹಿಡಿತ ಬಿಡುತ್ತದೋ ಅಲ್ಲಿ ಪೇಂಟ್ ಅಡಿಯಲ್ಲಿರುವುದು ಪುಟ್ಟಿ. ಆಮೇಲೆ ಟಾರ್ಚ್ ಹಿಡಿದು ಮಲಗಿ ಸಿಲ್ ಅಡಿ ನೋಡಿ. ತಗಡುಗಳು ಸೇರುವ ಅಂಚು ಅಲ್ಲಿ ಸ್ಪಷ್ಟವಾಗಿ ಕಾಣಬೇಕು. ಅಂಚೇ ಇಲ್ಲದೆ ನುಣುಪಾಗಿದ್ದರೆ ಹಳೇ ಸಿಲ್ ಮೇಲೆ ಹೊಸ ತಗಡು ಮುಚ್ಚಿ ವೆಲ್ಡ್ ಹೊಡೆದಿದ್ದಾರೆ ಅಂತ ಅರ್ಥ. ಅದು ಹೊರಗೆ ಚೆಂದ, ಒಳಗೆ ಕೊಳೆ. ಅದಕ್ಕಿಂತ ತೂತು ಕಾಣುವ ಸಿಲ್ ಎಷ್ಟೋ ಮೇಲು, ಕನಿಷ್ಠ ಏನಿದೆ ಅಂತ ಗೊತ್ತಾಗುತ್ತದೆ.

ಇನ್ನೊಂದು ಪರೀಕ್ಷೆ ತಪ್ಪದೇ ಮಾಡಿ. ಗಾಡಿ ಚಕ್ರದ ಮೇಲೆ ನಿಂತಿರುವಾಗ ಬಾಗಿಲ ಹಿಂದಿನ ಅಂಚಿನ ಗ್ಯಾಪ್ ನೋಡಿ, ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ ಇರಬೇಕು. ಫೋಟೋ ತೆಗೆಯಿರಿ. ನಂತರ ಸಿಲ್ ಮಧ್ಯದ ಜಾಕ್ ಪಾಯಿಂಟ್‌ನಲ್ಲಿ ನಿಧಾನಕ್ಕೆ ಎತ್ತಿ, ಅದೇ ಗ್ಯಾಪ್ ಮತ್ತೆ ನೋಡಿ, ಬಾಗಿಲು ತೆಗೆದು ಹಾಕಿ ನೋಡಿ. ಗ್ಯಾಪ್ ಬದಲಾದರೆ ಬಾಡಿ ಬಾಗುತ್ತಿದೆ. ಎತ್ತುವಾಗ ಕರಕರ ಅಂತ ಸದ್ದು ಬಂದರೆ, ಜಾಕ್ ಒಳಗೇ ಹೋದರೆ, ಅಲ್ಲಿಗೇ ನಿಲ್ಲಿಸಿ. ಉತ್ತರ ಸಿಕ್ಕಿತು. ಜಾಕ್ ಮೇಲಷ್ಟೇ ನಿಂತ ಗಾಡಿಯ ಅಡಿಗೆ ಯಾವ ಕಾರಣಕ್ಕೂ ತೂರಬೇಡಿ.

ಸೀಟಿನ ಹಿಂದೆ ನೆಲದಲ್ಲಿ ಎರಡು ಬ್ಯಾಟರಿ ಗುಂಡಿ ಇರುತ್ತವೆ. 1972ರ ಗಾಡಿಗೆ 6 ವೋಲ್ಟ್‌ನ ಎರಡು ಬ್ಯಾಟರಿ ಬರುತ್ತಿತ್ತು. ಆಸಿಡ್ ಚೆಲ್ಲಿ ಆ ಗುಂಡಿಗಳು ಕೊಳೆಯುವುದು ಮಾಮೂಲು, ಅದೇನೂ ಭಯಪಡುವಂಥದ್ದಲ್ಲ. ಆದರೆ ಅಲ್ಲಿಂದ ಸ್ವಲ್ಪ ಮುಂದೆ ಲೀಫ್ ಸ್ಪ್ರಿಂಗ್‌ನ ಮುಂದಿನ ತುದಿ ಕೂರುವ ಜಾಗ ಇದೆ, ಅದು ಗಟ್ಟಿ ಇರಲೇಬೇಕು. ಕಾರ್ಪೆಟ್ ಎತ್ತಿ ಫ್ಲೋರ್ ನೋಡಿ. ಪೆಟ್ರೋಲ್ ಟ್ಯಾಂಕ್ ಕೂಡ ನೋಡಿ. ಟ್ಯಾಂಕ್‌ಗೂ ಡಿಕ್ಕಿ ತಗಡಿಗೂ ನಡುವಿನ ಸಂದಿನಲ್ಲಿ ಮಣ್ಣು ತೇವ ಹಿಡಿದು ಟ್ಯಾಂಕ್ ಮೇಲ್ಭಾಗದಿಂದ ತೂತಾಗುತ್ತದೆ. ಕೆಳಗಿನಿಂದ ನೋಡಿದವರಿಗೆ ಚೆನ್ನಾಗಿದೆ ಅನ್ನಿಸುತ್ತದೆ, ಟ್ಯಾಂಕ್ ತುಂಬಿಸಿದ ದಿನ ವಾಸನೆ ಬರುತ್ತದೆ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಇಂಜಿನ್ನನ್ನು ಎತ್ತಿ ಬೆಂಚಿನ ಮೇಲೆ ಇಡಬಹುದು, ಬೇರೆಯವರಿಗೆ ಕೊಟ್ಟು ಮಾಡಿಸಬಹುದು, ಬೇರೆಯದೇ ಕೂರಿಸಬಹುದು. ಬಾಡಿ ಹಾಗಲ್ಲ. ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ 1988ರಿಂದ ಹಳೇ ಅಚ್ಚುಗಳಲ್ಲೇ ಎಂಜಿಬಿಯ ಪೂರ್ತಿ ಹೊಸ ಬಾಡಿ ತಯಾರಿಸುತ್ತಿದೆ, ಅಷ್ಟು ಬೇಡಿಕೆ ಬಂತು ಅಂದರೆ ಎಷ್ಟು ಗಾಡಿಗಳ ಬಾಡಿ ಕೊಳೆತಿರಬೇಕು, ನೀವೇ ಯೋಚಿಸಿ. ಆದರೆ ಅದನ್ನು ತರಿಸುವ ಹಂತಕ್ಕೆ ಹೋದರೆ ಖರ್ಚು ಗಾಡಿಯ ಬೆಲೆಯನ್ನು ದಾಟುತ್ತದೆ.

ಹಳೇಗೇರು:

ತುಕ್ಕುವೈರಿ ಅವರು ಹೇಳಿದ್ದೆಲ್ಲ ಸರಿ. ನಾನು ಇಂಜಿನ್ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಪ್ರಶ್ನೆ ಕೇಳಿದ್ದೀರಿ, ಭಯವೂ ಇದೆ.

ಮೊದಲನೆಯದು: ಮಾರುವವರು ಬ್ಯಾಟರಿ ತಂದು ಸೆಲ್ಫ್ ಹೊಡೆಯಲು ಹೊರಟರೆ ದಯವಿಟ್ಟು ತಡೆಯಿರಿ. ವರ್ಷಗಟ್ಟಲೆ ನಿಂತ ಇಂಜಿನ್‌ನಲ್ಲಿ ಬೋರ್ ಗೋಡೆ (ಸಿಲಿಂಡರಿನ ಒಳಗೋಡೆ) ಒಣಗಿರುತ್ತದೆ, ರಿಂಗ್ ತುಕ್ಕಿಗೆ ಅಂಟಿರಬಹುದು, ವಾಲ್ವ್ ಗೈಡ್‌ನಲ್ಲಿ ಸಿಕ್ಕಿಕೊಂಡಿರಬಹುದು. ಸ್ಟಾರ್ಟರ್ ಮೋಟರಿಗೆ ಅದೇನೂ ಗೊತ್ತಾಗುವುದಿಲ್ಲ, ಬಲ ಹಾಕಿ ತಿರುಗಿಸುತ್ತದೆ. ಸರಿಯಾಗಬಹುದಾಗಿದ್ದ ಇಂಜಿನ್ ಆಗ ಹಾಳಾಗುತ್ತದೆ.

ನಾಲ್ಕು ಪ್ಲಗ್ಗೂ ಬಿಚ್ಚಿ. ಪ್ಲಗ್ ಮುಖ ನೋಡಿ, ಒಂದರಲ್ಲಿ ಮಾತ್ರ ತುಕ್ಕು ಇದ್ದರೆ ಆ ಸಿಲಿಂಡರ್‌ಗೆ ನೀರು ಇಳಿದಿದೆ. ಪ್ರತಿ ತೂತಿಗೂ ಸ್ವಲ್ಪ ತೆಳು ಆಯಿಲ್ ಅಥವಾ ತುಕ್ಕು ಸಡಿಲಿಸುವ ಆಯಿಲ್ ಬಿಡಿ, ಬಿಟ್ಟು ಕಾಯಿರಿ. ಒಂದು ಗಂಟೆ ಸಾಲದು, ಆದರೆ ರಾತ್ರಿಯಿಡೀ ಬಿಡಲು ಮಾಲೀಕರು ಒಪ್ಪಬೇಕು. ಗೇರ್ ನ್ಯೂಟ್ರಲ್‌ಗೆ ಹಾಕಿ, ಮುಂದಿನ ಕ್ರ್ಯಾಂಕ್ ಪುಲ್ಲಿ ನಟ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಿ. ಫ್ಯಾನ್ ಹಿಡಿದು ಎಳೆಯಬೇಡಿ. ಎರಡು ಪೂರ್ತಿ ಸುತ್ತು ಒಂದೇ ಸಮನೆ ತಿರುಗಿದರೆ ಒಳ್ಳೆಯ ಸುದ್ದಿ. ಒಂದು ಜಾಗಕ್ಕೆ ಬಂದು ತಟಕ್ಕನೆ ನಿಂತರೆ ಅಲ್ಲಿಗೆ ಬಿಟ್ಟುಬಿಡಿ. ಬೋರೋಸ್ಕೋಪ್ ಕ್ಯಾಮೆರಾ ಸಿಕ್ಕಿದರೆ ಪ್ಲಗ್ ತೂತಿನಿಂದ ಇಳಿಸಿ ಬೋರ್ ನೋಡಿ, ಸಣ್ಣ ಕಂದು ಕಲೆ ಪರವಾಗಿಲ್ಲ, ಬೆರಳ ಉಗುರಿಗೆ ಸಿಗುವ ಹಾಗೆ ಗುಂಡಿ ಬಿದ್ದಿದ್ದರೆ ಬೋರ್ ಮಾಡಿಸಬೇಕು.

ಅಂತೂ ಜಾಮ್ ಆಗಿದೆ ಅಂತಲೇ ಇಟ್ಟುಕೊಳ್ಳೋಣ. ಆಗಲೂ ಆಕಾಶ ಕಳಚಿ ಬೀಳುವುದಿಲ್ಲ. ಇದು 1798 ಸಿಸಿಯ ಬಿ ಸೀರೀಸ್ ಇಂಜಿನ್, ಕಬ್ಬಿಣದ ಬ್ಲಾಕ್, ಕಬ್ಬಿಣದ ಹೆಡ್. 1964ರ ಕೊನೆಯಿಂದ ಕ್ರ್ಯಾಂಕ್‌ಗೆ ಮೂರರ ಬದಲು ಐದು ಮೇನ್ ಬೇರಿಂಗ್ ಕೊಟ್ಟರು, ನಿಮ್ಮದು ಐದರದ್ದು, ಗಟ್ಟಿಮುಟ್ಟು. ಓವರ್‌ಸೈಜ್ ಪಿಸ್ಟನ್, ಬೇರಿಂಗ್, ಗ್ಯಾಸ್ಕೆಟ್ ಎಲ್ಲ ಹೊಸದು ಇವತ್ತಿಗೂ ಸಿಗುತ್ತದೆ. 1962ರಿಂದ 1980ರವರೆಗೆ 5 ಲಕ್ಷಕ್ಕೂ ಜಾಸ್ತಿ ಎಂಜಿಬಿ ತಯಾರಾದವು, ಅದರ ಲಾಭ ಇದೇ.

ಲೆಕ್ಕ ಹಾಕುವಾಗ ಇಷ್ಟು ಸೇರಿಸಿಕೊಳ್ಳಿ. ಬ್ರೇಕ್ ಮಾಸ್ಟರ್ ಸಿಲಿಂಡರ್, ಕ್ಲಚ್ ಮಾಸ್ಟರ್ ಸಿಲಿಂಡರ್, ಹಿಂದಿನ ವೀಲ್ ಸಿಲಿಂಡರ್, ರಬ್ಬರ್ ಹೋಸ್ ಎಲ್ಲ ಹೊಸದೇ ಹಾಕಬೇಕು, ಇದರಲ್ಲಿ ಉಳಿಸಲು ಹೋಗಬೇಡಿ. ಹಳೇ ಹೋಸ್ ಒಳಗೇ ಊದಿಕೊಂಡು ಬ್ರೇಕ್ ಹಿಡಿದದ್ದು ಬಿಡುವುದಿಲ್ಲ. ಕ್ಲಚ್ ಪ್ಲೇಟ್ ಫ್ಲೈವೀಲ್‌ಗೆ ಅಂಟಿರುವ ಸಾಧ್ಯತೆ ಬಹಳ. ಈ ಗಾಡಿಯಲ್ಲಿ ಕ್ಲಚ್ ಬದಲಿಸಬೇಕಾದರೆ ಇಂಜಿನ್ ಹೊರಗೆ ಬರಲೇಬೇಕು, ಹೇಗೂ ಬಂದಮೇಲೆ ಹಿಂದಿನ ಆಯಿಲ್ ಸೀಲ್ ಕೂಡ ಮುಗಿಸಿಬಿಡಿ. ಹಳೇ ಬ್ರೇಕ್ ಶೂ, ಕ್ಲಚ್ ಧೂಳಿನಲ್ಲಿ ಆಸ್‌ಬೆಸ್ಟಾಸ್ ಇರಬಹುದು, ಏರ್ ಹೊಡೆದು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಸ್ಪ್ಯಾನರ್ ವಿಷಯ. ಬೈಕಿನ ಮೆಟ್ರಿಕ್ ಸೆಟ್ ಇಲ್ಲಿ ನಡೆಯುವುದಿಲ್ಲ. ಇದರ ಬೋಲ್ಟ್ ಇಂಚಿನ ಅಳತೆಯದು, ಎಎಫ್ ಸ್ಪ್ಯಾನರ್ ಬೇಕು. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. 13ರ ಸ್ಪ್ಯಾನರ್ ಕೂತ ಹಾಗೆ ಕಾಣುತ್ತದೆ, ತುಕ್ಕು ಹಿಡಿದ ಬೋಲ್ಟ್‌ಗೆ ಬಲ ಹಾಕಿದ ಕೂಡಲೇ ಮೂಲೆಗಳು ಸವೆದು ಗುಂಡಗಾಗುತ್ತವೆ. ಆಮೇಲೆ ಅದನ್ನು ತೆಗೆಯುವುದೇ ಒಂದು ದಿನದ ಕೆಲಸ.

ಎರಡನೇಪಾಳಿ:

ನಾನು ಬೇರೆ ದಿಕ್ಕಿನಿಂದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಓಡುವ ಗಾಡಿಯನ್ನೇ ತಗೊಳ್ಳಿ.

ನಾನು ನನ್ನ ಫಿಯೆಟ್ 124 ಸ್ಪೈಡರನ್ನು ಓಡುವ ಸ್ಥಿತಿಯಲ್ಲೇ ತಗೊಂಡದ್ದು. ಅದೂ ಹಳೇ ಗಾಡಿಯೇ, ಅದರಲ್ಲೂ ತುಕ್ಕು ಇತ್ತು, ವೈರಿಂಗ್ ಗೋಜಲಾಗಿತ್ತು. ಆದರೆ ಮೊದಲ ದಿನವೇ ಓಡಿಸಿದೆ. ಗೇರ್ ಎಲ್ಲಿ ಕರ್ ಅನ್ನುತ್ತದೆ, ಬಿಸಿಯಾದಾಗ ಆಯಿಲ್ ಪ್ರೆಷರ್ ಎಷ್ಟಕ್ಕೆ ಇಳಿಯುತ್ತದೆ, ಯಾವ ಬದಿಗೆ ಎಳೆಯುತ್ತದೆ, ಎಲ್ಲ ಓಡಿಸುತ್ತಲೇ ಗೊತ್ತಾಯಿತು. ಒಂದು ತಿಂಗಳು ಬ್ರೇಕ್, ಇನ್ನೊಂದು ತಿಂಗಳು ಕೂಲಿಂಗ್, ಹಾಗೆ ಒಂದೊಂದೇ ಮುಗಿಸಿದೆ. ಮಧ್ಯೆ ಮಧ್ಯೆ ಓಡಿಸಿದ ಖುಷಿಯೇ ಮುಂದಿನ ಕೆಲಸಕ್ಕೆ ಹುಮ್ಮಸ್ಸು ಕೊಡುತ್ತಿತ್ತು. ನಿಂತ ಗಾಡಿಯಲ್ಲಿ ಆ ಹುಮ್ಮಸ್ಸು ಎಲ್ಲಿಂದ ಬರಬೇಕು? ವಾರಕ್ಕೆ ಒಂದೇ ದಿನ ಅನ್ನುತ್ತೀರಿ. ಅದರಲ್ಲಿ ಅರ್ಧ ದಿನ ಬಿಡಿಭಾಗ ಹುಡುಕಲು, ಬಿಗಿಯಾದ ಬೋಲ್ಟ್ ಬಿಚ್ಚಲು ಹೋಗುತ್ತದೆ. ಮಾರಾಟಕ್ಕೆ ಬರುವ ಪ್ರಾಜೆಕ್ಟ್ ಗಾಡಿಗಳನ್ನು ಗಮನಿಸಿ ನೋಡಿ, ಎಷ್ಟೋ ಗಾಡಿಗಳು ಪೂರ್ತಿ ಬಿಚ್ಚಿ ಡಬ್ಬಗಳಲ್ಲಿ ತುಂಬಿದ ಸ್ಥಿತಿಯಲ್ಲಿ ಇರುತ್ತವೆ. ಬಿಚ್ಚಿದವರಿಗೆ ಆಸೆ ಇತ್ತು, ಶ್ರದ್ಧೆಯೂ ಇತ್ತು. ಸಮಯ ಸಾಲಲಿಲ್ಲ.

ಮೂರನೇ ಒಂದು ಭಾಗದ ಬೆಲೆ ನೋಡಿ ಉಳಿಯಿತು ಅಂದುಕೊಳ್ಳಬೇಡಿ. ಟಿಂಕರಿಂಗ್, ಪೇಂಟ್, ಕ್ರೋಮ್, ಸೀಟು, ಹುಡ್, ಟೈರು ಸೇರಿದರೆ ಓಡುವ ಗಾಡಿಯ ಬೆಲೆ ದಾಟಿಯೇ ದಾಟುತ್ತದೆ. ಅದು ಗೊತ್ತಿದ್ದೂ ಕೆಲಸ ಮಾಡುವ ಆಸೆಗೇ ತಗೊಳ್ಳುವವರನ್ನು ನಾನು ತುಂಬಾ ಗೌರವಿಸುತ್ತೇನೆ. ಹಾಗಾಗಿ ನಿಮ್ಮನ್ನೇ ಕೇಳುತ್ತೇನೆ, ನಿಮಗೆ ಬೇಕಿರುವುದು ಎಂಜಿಬಿ ಓಡಿಸುವುದಾ, ಎಂಜಿಬಿ ಕಟ್ಟುವುದಾ? ಓಡಿಸುವುದೇ ಜಾಸ್ತಿ ಆಸೆ ಅಂದರೆ ಇನ್ನು ಸ್ವಲ್ಪ ದುಡ್ಡು ಕೂಡಿಸಿ ಕಾಯಿರಿ.

ಕೆಂಪುಡಯಲ್:

ಎಲ್ಲರೂ ಲೋಹದ ಬಗ್ಗೆ ಹೇಳಿದರು, ಕಾಗದ ಮರೆತರು. ಬಾನೆಟ್ ಒಳಗಿನ ಪ್ಲೇಟ್ ಮೇಲಿರುವ ಚಾಸಿಸ್ ನಂಬರ್ ಮತ್ತು ಮಾಲೀಕರ ದಾಖಲೆಯ ನಂಬರ್ ಅಕ್ಷರಕ್ಕೆ ಅಕ್ಷರ ಹೋಲಬೇಕು. 1972ರ ರೋಡ್‌ಸ್ಟರ್ ಆದರೆ ನಂಬರ್ ಜಿಎಚ್ಎನ್5 ಅಂತ ಶುರುವಾಗುತ್ತದೆ, ಜಿಟಿ (ಗಟ್ಟಿ ಛಾವಣಿಯ ಮಾಡೆಲ್) ಆದರೆ ಜಿಎಚ್‌ಡಿ5. ಪ್ಲೇಟ್ ಇಲ್ಲ, ಆಮೇಲೆ ಹುಡುಕಿ ಕೊಡುತ್ತೇನೆ ಅಂದರೆ ಸಿಕ್ಕಿದ ಮೇಲೆ ಮಾತಾಡೋಣ ಅನ್ನಿ. ಮಾರುವವರ ಹೆಸರಲ್ಲೇ ದಾಖಲೆ ಇದೆಯಾ ನೋಡಿ. ತೀರಿಹೋದ ಸಂಬಂಧಿಕರ ಹೆಸರಲ್ಲಿದ್ದರೆ ವಾರಸುದಾರರೆಲ್ಲ ಸಹಿ ಹಾಕುವವರೆಗೂ ದುಡ್ಡು ಕೊಡಬೇಡಿ.

ಗಾಡಿ ನಿಮ್ಮದಾದ ಮೇಲೆ ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಂನಿಂದ ಹೆರಿಟೇಜ್ ಸರ್ಟಿಫಿಕೇಟ್ ತರಿಸಬಹುದು. ಎಂಜಿಯ ಆಬಿಂಗ್ಡನ್ ಕಾರ್ಖಾನೆಯಿಂದ ಯಾವ ದಿನ, ಯಾವ ಬಣ್ಣದಲ್ಲಿ, ಯಾವ ಇಂಜಿನ್ ನಂಬರ್ ಜೊತೆ ಹೊರಗೆ ಬಂತು ಅಂತ ಅದರಲ್ಲಿ ಇರುತ್ತದೆ. ಪೇಂಟ್ ಬಣ್ಣ ನಿರ್ಧರಿಸುವ ಮುಂಚೆ ಇದು ಕೈಯಲ್ಲಿದ್ದರೆ ಒಳ್ಳೆಯದು.

ನೀಲಿಬಾನೆಟ್:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮ್ಯಾಗ್ನೆಟ್, ಟಾರ್ಚ್, ಎಎಫ್ ಸ್ಪ್ಯಾನರ್ ಎಲ್ಲ ತಗೊಂಡು ಹೋಗಿದ್ದೆ. ಮಾಲೀಕರು ಒಳ್ಳೆಯವರು, ಸಂಜೆ ಆಯಿಲ್ ಬಿಟ್ಟು ಮರುದಿನ ಮತ್ತೆ ಬರಲು ಒಪ್ಪಿದರು.

ಇಂಜಿನ್ ತಿರುಗಿತು! ಮೊದಲು ಅಲ್ಲಾಡಲಿಲ್ಲ. ಸ್ವಲ್ಪ ಹಿಂದೆ ಮುಂದೆ ಮಾಡಿದ ಮೇಲೆ ನಿಧಾನಕ್ಕೆ ಸಡಿಲವಾಯಿತು, ಆಮೇಲೆ ಸುತ್ತು ಸುತ್ತಿಗೂ ಹಗುರಾಯಿತು. ಪ್ಲಗ್ ತೂತಿನಿಂದ ಉಸಿರು ಬಿಟ್ಟ ಹಾಗೆ ಗಾಳಿ ಬರುತ್ತಿತ್ತು. ಆ ಕ್ಷಣದಲ್ಲಿ ಆದ ಖುಷಿ ಹೇಳಲಾರೆ, ಅಲ್ಲೇ ದುಡ್ಡು ಕೊಟ್ಟುಬಿಡೋಣ ಅನ್ನಿಸಿತು.

ನಿಮ್ಮೆಲ್ಲರ ಮಾತು ನೆನಪಿಟ್ಟುಕೊಂಡು ಆಮೇಲೆ ಬಾಡಿ ನೋಡಿದೆ. ಎಡಗಡೆ ಫೆಂಡರ್‌ನ ಕೆಳ ತುದಿಯಲ್ಲಿ ಮ್ಯಾಗ್ನೆಟ್ ನಿಲ್ಲಲೇ ಇಲ್ಲ. ಎಡ ಸಿಲ್‌ನ ಅಡಿಯಲ್ಲಿ ಅಂಚು ಕಾಣುತ್ತದೆ, ಆದರೆ ಬೆರಳಿಂದ ಒತ್ತಿದರೆ ತಗಡು ಪದರ ಪದರವಾಗಿ ಉದುರುತ್ತದೆ. ಬಲ ಸಿಲ್ ಅಡಿ ನುಣುಪು, ಅಂಚೇ ಇಲ್ಲ, ಮೇಲೆ ಕಪ್ಪು ಅಂಡರ್‌ಕೋಟಿಂಗ್ ದಪ್ಪಗೆ ಬಳಿದಿದ್ದಾರೆ. ಎಡ ಬಾಗಿಲ ಹಿಂದಿನ ಗ್ಯಾಪ್ ಮೇಲ್ಗಡೆ ಕಿರಿದು, ಕೆಳಗಡೆ ಅಗಲ. ಜಾಕ್ ಕೊಟ್ಟು ಎತ್ತಿದಾಗ ಮೇಲ್ಗಡೆ ಕಣ್ಣಿಗೆ ಕಾಣುವ ಹಾಗೆ ಅಗಲವಾಯಿತು, ಬಾಗಿಲ ಲಾಕ್ ತಾನಾಗೇ ಬಿಟ್ಟುಕೊಂಡಿತು. ಬಲಗಡೆ ಅಷ್ಟೇನೂ ಬದಲಾಗಲಿಲ್ಲ.

ಸ್ಪ್ರಿಂಗ್ ಕೂರುವ ಜಾಗ ಎರಡೂ ಕಡೆ ಗಟ್ಟಿ ಇದೆ, ಸ್ಕ್ರೂಡ್ರೈವರ್ ಹಾಕಿ ಕುಟ್ಟಿ ನೋಡಿದೆ. ಫ್ಲೋರ್ ಎಡಗಡೆ ಮುಂದೆ ಒಂದು ಕೈಯಗಲ ಹೋಗಿದೆ. ಟ್ಯಾಂಕ್ ಮೇಲ್ಭಾಗ ನೀವು ಹೇಳಿದ ಹಾಗೇ ಇದೆ. ಚಾಸಿಸ್ ನಂಬರ್ ಸರಿ ಇದೆ, ದಾಖಲೆ ಅವರ ಹೆಸರಲ್ಲೇ ಇದೆ. ಮತ್ತೆ ಒಂದು ಒಳ್ಳೆಯ ಸಂಗತಿ: ಏನೂ ಕಾಣೆಯಾಗಿಲ್ಲ. ಗ್ರಿಲ್, ಎರಡೂ ಬಂಪರ್, ಮುಂದಿನ ಗ್ಲಾಸಿನ ಫ್ರೇಮ್, ಮೀಟರ್‌ಗಳು ಎಲ್ಲ ಅಲ್ಲೇ ಇವೆ.

ಎರಡನೇಪಾಳಿ ಮೇಡಂ, ನಿಮ್ಮ ಪ್ರಶ್ನೆ ತುಂಬಾ ಯೋಚಿಸುವ ಹಾಗೆ ಮಾಡಿತು. ನನಗೆ ಕಟ್ಟುವ ಆಸೆಯೇ ಜಾಸ್ತಿ. ಓಡಿಸುವುದು ತಡವಾದರೂ ಪರವಾಗಿಲ್ಲ. ಆದರೆ ಸಿಲ್ ನೋಡಿದ ಮೇಲೆ ಭಯ ಜಾಗ ಬದಲಿಸಿದೆ. ಈಗ ಏನು ಹೇಳುತ್ತೀರಿ?

ತುಕ್ಕುವೈರಿ:

ಚೆನ್ನಾಗಿ ನೋಡಿಕೊಂಡು ಬಂದಿದ್ದೀರಿ. ಎಷ್ಟೋ ಜನ ಇಂಜಿನ್ ತಿರುಗಿದ ಕೂಡಲೇ ನೋಡುವುದನ್ನು ನಿಲ್ಲಿಸುತ್ತಾರೆ.

ಎಡ ಸಿಲ್ ಪೂರ್ತಿ ಹೋಗಿದೆ. ನಿಂತಾಗ ಗ್ಯಾಪ್ ಮೇಲೆ ಕಿರಿದಾಗುವುದು ಗಾಡಿ ಮಧ್ಯದಲ್ಲಿ ಕುಸಿದಿರುವುದಕ್ಕೆ. ಬಲಗಡೆ ಗ್ಯಾಪ್ ಬದಲಾಗಲಿಲ್ಲ ಅಂತ ಸಮಾಧಾನ ಪಡಬೇಡಿ, ಮೇಲೆ ಮುಚ್ಚಿದ ತಗಡು ಸದ್ಯಕ್ಕೆ ಹಿಡಿದುಕೊಂಡಿದೆ ಅಷ್ಟೇ. ಎರಡೂ ಕಡೆ ಪೂರ್ತಿ ಕತ್ತರಿಸಿ ಹೊಸದು ಹಾಕಬೇಕು ಅಂತಲೇ ಲೆಕ್ಕ ಹಾಕಿ.

ಆ ಕೆಲಸ ಹೇಗಿರುತ್ತದೆ ಅಂತ ಹೇಳುತ್ತೇನೆ, ಕೇಳಿ ನೀವೇ ನಿರ್ಧರಿಸಿ. ಮುಂದಿನ ಫೆಂಡರ್ ಎಂಜಿಬಿಯಲ್ಲಿ ಬೋಲ್ಟ್ ಮೇಲೆ ನಿಂತಿರುವುದು, ಅದನ್ನು ಬಿಚ್ಚಿ ಇಳಿಸಬೇಕು. ಹಿಂದಿನದು ವೆಲ್ಡ್ ಆಗಿರುವುದು, ಕೆಳ ತುದಿ ಕತ್ತರಿಸಬೇಕು. ಒಂದೇ ಒಂದು ತಗಡು ಕತ್ತರಿಸುವ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪೈಪ್ ವೆಲ್ಡ್ ಮಾಡಿ ಬಿಗಿ ಮಾಡಬೇಕು, ಗಾಡಿ ಸಮತಟ್ಟಾಗಿ ಸ್ಟ್ಯಾಂಡ್ ಮೇಲೆ ಕೂರಬೇಕು, ಗ್ಯಾಪ್ ಮೊದಲು ಸರಿಯಾದ ಅಳತೆಗೆ ಬರಬೇಕು. ನಿಮ್ಮದು ಈಗಾಗಲೇ ಕುಸಿದಿದೆ. ಹಾಗೇ ಬಿಗಿ ಮಾಡಿ ಹೊಸ ಸಿಲ್ ಹಾಕಿದರೆ ಕುಸಿದ ಆಕಾರವೇ ಖಾಯಂ ಆಗುತ್ತದೆ, ಆಮೇಲೆ ಜನ್ಮದಲ್ಲಿ ಬಾಗಿಲು ಸರಿಯಾಗಿ ಕೂರುವುದಿಲ್ಲ. ಒಂದು ಬದಿ ಮುಗಿಸಿಯೇ ಇನ್ನೊಂದು ಬದಿ ಮುಟ್ಟಬೇಕು. ಪೂರ್ತಿ ವೆಲ್ಡ್ ಮಾಡುವ ಮುಂಚೆ ಅಲ್ಲಲ್ಲಿ ಚುಕ್ಕೆ ವೆಲ್ಡ್ ಕೊಟ್ಟು ನಿಲ್ಲಿಸಿ, ಪೈಪ್ ಒಂದು ತುದಿ ಬಿಡಿಸಿ, ಬಾಗಿಲು ತೂಗುಹಾಕಿ ಗ್ಯಾಪ್ ನೋಡಬೇಕು. ತಾಳ್ಮೆ ಬೇಡುವ ಕೆಲಸ, ಆದರೆ ಮಾಡಿ ಮುಗಿಸಿದ ಮೇಲೆ ಬಾಗಿಲು ಒಂದೇ ಬೆರಳಿಗೆ ಕ್ಲಿಕ್ ಅಂತ ಕೂತಾಗ ಸಿಗುವ ತೃಪ್ತಿ ಬೇರೆ.

ಕೇಳಿದ ಬೆಲೆಗೆ ನಾನಾದರೆ ತಗೊಳ್ಳುವುದಿಲ್ಲ. ಬಿಡಿಭಾಗಕ್ಕಾಗಿ ಮಾರುವ ಗಾಡಿಯ ಬೆಲೆಗೆ ಕೊಟ್ಟರೆ ಯೋಚಿಸಬಹುದು.

ಹಳೇಗೇರು:

ನಾನು ಸ್ವಲ್ಪ ಮೃದುವಾಗಿ ಹೇಳುತ್ತೇನೆ. ಸ್ಪ್ರಿಂಗ್ ಜಾಗ ಗಟ್ಟಿ, ಇಂಜಿನ್ ಜಾಮ್ ಬಿಟ್ಟಿದೆ, ಒಂದು ಸ್ಕ್ರೂ ಕಾಣೆಯಾಗಿಲ್ಲ, ಕಾಗದ ಸರಿ ಇದೆ. ಪೂರ್ತಿ ಇರುವ ಗಾಡಿ ಅನ್ನುವುದು ದೊಡ್ಡ ಮಾತು. ಸಿಲ್ ತಗಡು ಆರ್ಡರ್ ಮಾಡಿದರೆ ಬರುತ್ತದೆ, ಆದರೆ ಕಾಣೆಯಾದ ಸಣ್ಣಪುಟ್ಟ ಕ್ರೋಮ್ ಪಟ್ಟಿ, ಹುಡ್ ಕೊಕ್ಕೆ ಹುಡುಕುತ್ತಾ ಹೋದರೆ ವರ್ಷ ಕಳೆಯುತ್ತದೆ.

ವೆಲ್ಡಿಂಗ್ ಕಲಿಯಬಹುದು. ಮಿಗ್ ವೆಲ್ಡರ್ (ತಂತಿ ಹರಿಸುತ್ತಾ ಬೆಸೆಯುವ ಯಂತ್ರ), 0.6 ಮಿಲಿಮೀಟರ್ ತಂತಿ, ಸುಮಾರು 1 ಮಿಲಿಮೀಟರ್ ದಪ್ಪದ ಗುಜರಿ ತಗಡು ತಂದು ಕೈ ಪಳಗುವವರೆಗೆ ಹೊಡೆಯಿರಿ. ಆಮೇಲೆ ಬ್ಯಾಟರಿ ಗುಂಡಿ, ಫ್ಲೋರ್‌ನ ತೂತು ನೀವೇ ಮಾಡಿ. ಸಿಲ್ ಮಾತ್ರ ಮೊದಲ ಪಾಠ ಆಗಬಾರದು. ಅದನ್ನು ಇದೇ ಗಾಡಿ ಮಾಡಿ ಅನುಭವ ಇರುವ ವೆಲ್ಡರ್ ಕೈಗೆ ಕೊಡಿ. ಬಿಚ್ಚುವುದು, ಕೆರೆಯುವುದು, ಪ್ರೈಮರ್ ಬಳಿಯುವುದು ನಿಮ್ಮ ಪಾಲಿನ ಕೆಲಸ. ಹಾಗೆ ಹಂಚಿಕೊಂಡರೆ ಖರ್ಚು ಸುಮಾರು ಇಳಿಯುತ್ತದೆ.

ಚೌಕಾಸಿ ಮಾಡುವಾಗ ಇಂಜಿನ್ ತಿರುಗಿದ್ದನ್ನು ಬೆಲೆಯಲ್ಲಿ ಸೇರಿಸಬೇಡಿ. ತಿರುಗುವುದಕ್ಕೂ ಓಡುವುದಕ್ಕೂ ಬಹಳ ದೂರ. ಕಂಪ್ರೆಷನ್ ನಾಲ್ಕೂ ಸಿಲಿಂಡರ್‌ನಲ್ಲಿ ಹೆಚ್ಚುಕಡಿಮೆ ಒಂದೇ ಸಮ ಬರುತ್ತದಾ, ಆಯಿಲ್ ಪ್ರೆಷರ್ ಏರುತ್ತದಾ ಅನ್ನುವುದು ಇನ್ನೂ ಯಾರಿಗೂ ಗೊತ್ತಿಲ್ಲ.

ಎರಡನೇಪಾಳಿ:

ಕಟ್ಟುವ ಆಸೆ ಅಂತ ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ನಾನು ತಡೆಯುವುದಿಲ್ಲ. ಒಂದೇ ಕೋರಿಕೆ. ವೆಲ್ಡಿಂಗ್ ಮಾಡುವವರು ಸಿಗುವವರೆಗೆ ಬಾಡಿ ಬಿಚ್ಚಬೇಡಿ. ಅವರು ಗಾಡಿ ನೋಡಿ, ಯಾವಾಗ ಶುರು ಮಾಡುತ್ತೇನೆ ಅಂತ ಹೇಳಿದ ಮೇಲೆ ಬಾಡಿಯ ಮೊದಲ ಬೋಲ್ಟ್ ಬಿಚ್ಚಿ. ಅಲ್ಲಿಯವರೆಗೆ ಇಂಜಿನ್ ಕೆಲಸ ಮಾಡುತ್ತಿರಿ. ಬಿಚ್ಚಿದ ಪ್ರತಿಯೊಂದನ್ನೂ ಕವರ್‌ಗೆ ಹಾಕಿ ಎಲ್ಲಿಯದು ಅಂತ ಬರೆದು, ಬಿಚ್ಚುವ ಮುಂಚೆ ಫೋಟೋ ತೆಗೆದಿಡಿ. ಆರು ತಿಂಗಳ ನಂತರ ಯಾವ ಬೋಲ್ಟ್ ಎಲ್ಲಿಯದು ಅಂತ ಯಾರಿಗೂ ನೆನಪಿರುವುದಿಲ್ಲ.

ನೀಲಿಬಾನೆಟ್:

ನಿರ್ಧಾರ ಮಾಡಿದೆ. ಕೇಳಿದ ಬೆಲೆಯ ಅರ್ಧ ಹೇಳಿದ್ದೇನೆ, ಮ್ಯಾಗ್ನೆಟ್ ಮತ್ತು ಗ್ಯಾಪ್‌ನ ಫೋಟೋ ತೋರಿಸಿಯೇ ಹೇಳಿದೆ. ಬೇಸರ ಮಾಡಿಕೊಳ್ಳಲಿಲ್ಲ, ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂದಿದ್ದಾರೆ. ಒಪ್ಪಿದರೆ ತಗೊಳ್ಳುತ್ತೇನೆ. ಒಪ್ಪದಿದ್ದರೆ ಸಿಲ್ ಚೆನ್ನಾಗಿರುವ ಇನ್ನೊಂದು ಹುಡುಕುತ್ತೇನೆ, ಇಂಜಿನ್ ಜಾಮ್ ಆಗಿದ್ದರೂ ಸರಿ. ಈ ನಡುವೆ ಮಿಗ್ ವೆಲ್ಡರ್ ಒಂದು ನೋಡಿಟ್ಟಿದ್ದೇನೆ.

ಕೊನೆಯ ಪ್ರಶ್ನೆ. ಸಿಕ್ಕಿದರೆ ಶೆಡ್‌ನಿಂದ ಹೊರಗೆ ತರುವುದು ಹೇಗೆ? ಹಿಂದಿನ ಚಕ್ರ ಎರಡೂ ಹಿಡಿದುಕೊಂಡಿವೆ, ಅಲ್ಲಾಡುವುದಿಲ್ಲ.

ಹಳೇಗೇರು:

ಎಳೆದು ತರಬೇಡಿ. ಸಿಲ್ ಸ್ಥಿತಿ ನೋಡಿದರೆ ಎಳೆತಕ್ಕೆ ಬಾಡಿ ಇನ್ನೂ ಬಾಗಬಹುದು.

ಮೊದಲು ಹ್ಯಾಂಡ್‌ಬ್ರೇಕ್ ಬಿಟ್ಟು, ಕೇಬಲ್ ಸಡಿಲ ಮಾಡಿ. ಹಿಂದೆ ಜಾಕ್ ಕೊಡುವುದಾದರೆ ಡಿಫರೆನ್ಷಿಯಲ್ ಅಡಿ ಕೊಟ್ಟು, ಆಕ್ಸಲ್ ಕೆಳಗೆ ಎರಡು ಸ್ಟ್ಯಾಂಡ್ ಇಡಿ, ಸಿಲ್ ಮುಟ್ಟಬೇಡಿ. ಸ್ಪೋಕ್ ವೀಲ್‌ನ ಮಧ್ಯದ ದೊಡ್ಡ ನಟ್ ಬಿಚ್ಚಬೇಕಾದರೆ, ಗಾಡಿ ಮುಂದೆ ಹೋಗುವಾಗ ಚಕ್ರ ಯಾವ ದಿಕ್ಕಿಗೆ ಉರುಳುತ್ತದೋ ಅದೇ ದಿಕ್ಕಿಗೆ ತಿರುಗಿಸಬೇಕು, ಎರಡೂ ಬದಿಗೆ ಇದೇ ಲೆಕ್ಕ. ಕಬ್ಬಿಣದ ಸುತ್ತಿಗೆ ಬೇಡ, ತಾಮ್ರದ್ದು ಬಳಸಿ. ಚಕ್ರ ಕಳಚಿದ ಮೇಲೆ ಬ್ರೇಕ್ ಪ್ಲೇಟ್ ಹಿಂಬದಿಯಲ್ಲಿ ಚೌಕ ತಲೆಯ ಅಡ್ಜಸ್ಟರ್ ಕಾಣುತ್ತದೆ, ಅದಕ್ಕೆ ತುಕ್ಕು ಸಡಿಲಿಸುವ ಆಯಿಲ್ ಹಾಕಿ ಬಿಚ್ಚುವ ಕಡೆಗೆ ತಿರುಗಿಸಿ. ಡ್ರಮ್ ಸುತ್ತ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋದರೆ ಶೂ ಬಿಡುತ್ತದೆ. ಮುಂದೆ ಡಿಸ್ಕ್, ಅದೂ ಹಿಡಿದಿದ್ದರೆ ಕ್ಯಾಲಿಪರ್‌ನ ಬ್ಲೀಡ್ ನಿಪ್ಪಲ್ (ಬ್ರೇಕ್ ಆಯಿಲ್ ಹೊರಬಿಡುವ ಸಣ್ಣ ಸ್ಕ್ರೂ) ಸಡಿಲಿಸಿ ಪ್ಯಾಡ್ ಹಿಂದಕ್ಕೆ ಒತ್ತಿ.

ಟೈರಿಗೆ ಗಾಳಿ ಹಿಡಿದರೆ ಸಾಕು, ಹತ್ತು ಅಡಿ ಉರುಳಿದರಾಯಿತು. ಟ್ರೈಲರ್ ಮೇಲೆ ವಿಂಚ್‌ನಿಂದ ಏರಿಸುವಾಗ ಹಗ್ಗ ಮುಂದಿನ ಅಡ್ಡ ತೊಲೆಗೆ, ಅಂದರೆ ಕ್ರಾಸ್‌ಮೆಂಬರ್‌ಗೆ ಕಟ್ಟಿ, ಬಂಪರ್‌ಗೆ ಬೇಡ. ಬ್ರೇಕ್ ಇಲ್ಲದ ಗಾಡಿ ಅನ್ನುವುದು ನೆನಪಿರಲಿ, ಚಕ್ರಕ್ಕೆ ಅಡ್ಡ ಮರದ ತುಂಡು ಹಿಡಿದು ಒಬ್ಬರು ಪಕ್ಕದಲ್ಲೇ ನಡೆಯಬೇಕು, ಹಿಂದೆ ಯಾರೂ ನಿಲ್ಲಬಾರದು. ಮೇಲೆ ಬಂದಮೇಲೆ ಬೆಲ್ಟ್ ಆಕ್ಸಲ್‌ಗೆ ಮತ್ತು ಕ್ರಾಸ್‌ಮೆಂಬರ್‌ಗೆ ಬಿಗಿಯಿರಿ.

ಹೊರಡುವ ಮುಂಚೆ ಆ ಶೆಡ್‌ನ ಮೂಲೆ ಮೂಲೆ ಹುಡುಕಲು ಅನುಮತಿ ಕೇಳಿ. ಹುಡ್‌ನ ಕಡ್ಡಿ, ಜಾಕ್, ಚಕ್ರದ ಸುತ್ತಿಗೆ, ಹಳೇ ಕೀ, ಬಿಲ್ಲುಗಳು ಎಲ್ಲೋ ಡಬ್ಬದಲ್ಲಿ ಬಿದ್ದಿರುತ್ತವೆ. ಗಾಡಿಗೆ ಸೇರಿದ್ದೆಲ್ಲ ಜೊತೆಗೆ ಕೊಡುತ್ತೇವೆ ಅಂತ ಮಾರಾಟದ ಕಾಗದದಲ್ಲೇ ಬರೆಸಿಕೊಳ್ಳಿ.